ಸಾವಿರ ಗಂಟೆ ಚೆಸ್ ಆಡಿದೆ, ಒಂದು ಗಂಟೆ ಕೂತು ನೋಡಲಿಲ್ಲ

ಈ ಸಂಚಿಕೆಯ ಮಾತುಗಳ ಬರಹರೂಪ ಇಲ್ಲಿದೆ.

ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ರೆ, ಇಳಿಯೋ ಸ್ಟಾಪ್ ಮರೀಬೇಡಿ. ನಾನು ಈ ಫೋನ್ ಹಿಡ್ಕೊಂಡು ಎಷ್ಟು ಸಲ ಮೆಜೆಸ್ಟಿಕ್ ದಾಟಿ ಮುಂದೆ ಹೋಗಿದ್ದೀನೋ ಲೆಕ್ಕ ಇಲ್ಲ. ಕಾರಣ ಚೆಸ್. ಇವತ್ತಿನ ಮಾತೂ ಅದೇ.

ಒಂದು ಸಂಖ್ಯೆಯಿಂದ ಶುರು ಮಾಡ್ತೀನಿ. 12,640. ನಾನು ಫೋನಲ್ಲಿ ಆಡಿದ ಮೂರು ನಿಮಿಷದ ಬ್ಲಿಟ್ಝ್ ಆಟಗಳ ಲೆಕ್ಕ ಇದು. ಆ್ಯಪ್‌ನಲ್ಲಿ ನನ್ನ ಪ್ರೊಫೈಲ್ ಒತ್ತಿದ್ರೆ ಬರುತ್ತೆ. ಇಬ್ಬರಿಗೂ ಮೂರು ಮೂರು ನಿಮಿಷ ಅಂದ್ರೆ ಒಂದು ಆಟಕ್ಕೆ ಸರಾಸರಿ ಐದು ನಿಮಿಷ ಇಟ್ಕೊಳ್ಳಿ. ಗುಣಿಸಿ ನೋಡಿ, ಸಾವಿರದ ಐವತ್ತು ಗಂಟೆ ಮೀರುತ್ತೆ. ಊಟ ನಿದ್ದೆ ಯಾವುದೂ ಇಲ್ಲದೆ ನಲವತ್ತಮೂರು ದಿನ, ರಾತ್ರಿ ಹಗಲು.

ಇಷ್ಟು ಆಡಿ ಏನಾಯ್ತು? ಮೊದಲ ಆರು ತಿಂಗಳು ಆನ್‌ಲೈನ್ ರೇಟಿಂಗ್ ಏರ್ತು. ಆಮೇಲೆ ನಾಲ್ಕು ವರ್ಷ ಅಲ್ಲೇ ನಿಂತುಬಿಡ್ತು. ಸೋಮವಾರ ಐವತ್ತು ಪಾಯಿಂಟ್ ಮೇಲೆ, ಮಂಗಳವಾರ ಐವತ್ತು ಕೆಳಗೆ. ಯಾರಾದ್ರೂ ಕೇಳಿದ್ರೆ ಮಾತ್ರ ನಾನು ಜಂಬದಲ್ಲಿ ಹೇಳ್ತಿದ್ದೆ, ‘ದಿನಾ ಎರಡು ಗಂಟೆ ಚೆಸ್ ಪ್ರಾಕ್ಟೀಸ್ ಮಾಡ್ತೀನಿ’ ಅಂತ.

ಪ್ರಾಕ್ಟೀಸ್! ಆ ಪದದ ಅರ್ಥ ನನಗೆ ಹೇಳಿಕೊಟ್ಟಿದ್ದು ಹತ್ತು ವರ್ಷದ ಒಬ್ಬ ಹುಡುಗಿ.

2022ರ ಡಿಸೆಂಬರ್. ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿ, ಆರು ವರ್ಷ ಆದ್ಮೇಲೆ ಮೊದಲ ಸಲ ಒಂದು ರೇಟೆಡ್ ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ದೆ. ಬೆಂಗಳೂರಲ್ಲೇ. ಗೊತ್ತಿಲ್ಲದವರಿಗೆ ಹೇಳ್ತೀನಿ, ಇಂಥ ಟೂರ್ನಮೆಂಟ್‌ಗಳು ಹೊರಗಡೆಯಿಂದ ನೋಡೋಕೆ ಮದುವೆ ಛತ್ರದ ಥರಾನೇ ಇರುತ್ತೆ. ಎಷ್ಟೋ ಸಲ ನಿಜವಾಗ್ಲೂ ಛತ್ರದಲ್ಲೇ ನಡೆಯುತ್ತೆ. ಬಾಗಿಲ ಹೊರಗೆ ರಾಶಿ ಚಪ್ಪಲಿ, ಗೋಡೆ ಮೇಲೆ ಯಾರಿಗೆ ಯಾರು ಅನ್ನೋ ಪಟ್ಟಿ, ಅದರ ಮುಂದೆ ನೂಕುನುಗ್ಗಲು. ಒಳಗೆ ಆಟಗಾರರು, ಹೊರಗೆ ಅಪ್ಪ ಅಮ್ಮಂದಿರು. ಪ್ಲಾಸ್ಟಿಕ್ ಕುರ್ಚಿ ಮೇಲೆ ಡಬ್ಬಿ, ನೀರಿನ ಬಾಟಲ್, ಸ್ವೆಟರ್.

ಕೊನೇ ರೌಂಡಲ್ಲಿ ನನ್ನೆದುರು ಆ ಹುಡುಗಿ. ಎರಡು ಜಡೆ, ಕುರ್ಚಿ ಮೇಲೆ ಮಂಡಿಯೂರಿ ಕೂತಿದ್ಲು, ಇಲ್ಲಾಂದ್ರೆ ಬೋರ್ಡಿನ ಆ ತುದಿ ಕೈಗೆ ಎಟುಕ್ತಿರಲಿಲ್ಲ. ಮೂರೂವರೆ ಗಂಟೆ ಆಟ. ಕೊನೆಗೆ ಉಳಿದಿದ್ದು ಏನು? ಅವಳ ಹತ್ರ ರಾಜ, ಆನೆ, ನಡುವಿನ ಒಂದು ಪಾನ್. ನನ್ನ ಹತ್ರ ರಾಜ, ಆನೆ. ಆನೆ ಅಂದ್ರೆ ರೂಕ್. ನಮ್ಮೂರಲ್ಲಿ ಆನೆ, ಒಂಟೆ, ಕುದುರೆ ಅಂತಾನೇ ಕಲ್ತಿದ್ದು, ಬಾಯಿಗೆ ಅದೇ ಬರುತ್ತೆ.

ಒಂದು ಪಾನ್ ಕಡಿಮೆ ಇದ್ರೂ ಅದು ಡ್ರಾ ಆಗಬೇಕಾದ ಆಟ. ನನಗೆ ಗೊತ್ತಿರಲಿಲ್ಲ. ನಾನು ಹೆದರಿಕೊಂಡು ಆನೇನ ನನ್ನ ಕೊನೇ ಸಾಲಿಗೆ ಎಳ್ಕೊಂಡು, ರಾಜನ ಪಕ್ಕದಲ್ಲಿ ಕಾವಲಿಗೆ ನಿಲ್ಲಿಸಿದೆ. ಅವಳ ರಾಜ ನಿಧಾನಕ್ಕೆ ಮೇಲೆ ಬಂತು. ಅದರ ಹಿಂದೆ ಪಾನ್ ಬಂತು. ಹದಿನೈದು ನಡೆಯಲ್ಲಿ ನಾನು ಕೈ ಕೊಟ್ಟೆ.

ಸ್ಕೋರ್‌ಶೀಟ್‌ಗೆ ಸಹಿ ಹಾಕಿದ್ಮೇಲೆ ಆ ಹುಡುಗಿ ಹೊರಗೆ ಬಂದು, ತನ್ನ ಚಿಕ್ಕ ಬೋರ್ಡ್ ತೆಗೆದು, ಬಹಳ ಮರ್ಯಾದೆಯಿಂದ ಹೇಳಿದ್ಲು: ‘ಅಂಕಲ್, ನಿಮ್ಮ ರೂಕ್‌ನ ನಿಮ್ಮ ಕಡೆಯಿಂದ ಮೂರನೇ ಸಾಲಲ್ಲಿ ಇಡಬೇಕಿತ್ತು. ಆಗ ನನ್ನ ಕಿಂಗ್ ಮುಂದೆ ಬರೋಕಾಗಲ್ಲ. ನಾನು ಪಾನ್‌ನ ಆ ಸಾಲಿಗೆ ತಳ್ಳಿದ ತಕ್ಷಣ ನೀವು ರೂಕ್‌ನ ಆ ತುದಿಗೆ ಓಡಿಸಿ ಹಿಂದಿನಿಂದ ಚೆಕ್ ಕೊಡ್ತಾ ಇರಬೇಕು. ಬಚ್ಚಿಟ್ಟುಕೊಳ್ಳೋಕೆ ನನಗೆ ಜಾಗಾನೇ ಇರಲ್ಲ. ಇದು ಫಿಲಿಡೋರ್ ಪೊಸಿಷನ್.’

ನನಗಾಗ 26 ವರ್ಷ. ಅಂಕಲ್ ಅಂದಿದ್ದು ಒಂದು ಏಟು. ಆದ್ರೆ ನಿಜವಾದ ಏಟು ಇನ್ನೊಂದು. ಫಿಲಿಡೋರ್ ಫ್ರಾನ್ಸಿನವನು, ಮೂಲತಃ ಸಂಗೀತಗಾರ, ಒಪೆರಾ ಬರೀತಿದ್ದ. ಈ ಪೊಸಿಷನ್ ಅವನು ವಿವರಿಸಿದ್ದು 1777ರಲ್ಲಿ. ಅಂದ್ರೆ ನಾನು ಸೋತಿದ್ದು ಸುಮಾರು 245 ವರ್ಷ ಹಳೇ ಪಾಠಕ್ಕೆ. ಕಲಿಯೋಕೆ ಬೇಕಾಗಿದ್ದು ಅರ್ಧ ಗಂಟೆ. ನನ್ನ ಹತ್ರ ಸಾವಿರ ಗಂಟೆ ಇತ್ತು.

ಅವತ್ತು ರಾತ್ರಿ ಪಿಜಿಗೆ ಬಂದು ಯೋಚನೆ ಮಾಡಿದೆ. ಹನ್ನೆರಡು ಸಾವಿರ ಬ್ಲಿಟ್ಝ್ ಆಟದಲ್ಲಿ ಇಂಥ ಆನೆ ಅಂತ್ಯ ನನಗೆ ಬಂದೇ ಇರಲಿಲ್ವಾ? ನೂರಾರು ಸಲ ಬಂದಿರುತ್ತೆ. ಆದ್ರೆ ಆಗೆಲ್ಲ ಇಬ್ಬರ ಹತ್ರಾನೂ ನಾಲ್ಕೈದು ಸೆಕೆಂಡ್ ಉಳಿದಿರೋದು. ಗೆದ್ದಾಗ ಟೈಮಲ್ಲಿ ಗೆದ್ದೆ, ಸೋತಾಗ ಟೈಮಲ್ಲಿ ಸೋತೆ. ಸರಿ ನಡೆ ಯಾವುದು ಅನ್ನೋ ಪ್ರಶ್ನೇನೇ ಹುಟ್ಟಲಿಲ್ಲ. ಸೋತ ಕೂಡಲೇ ಪರದೆ ಮೇಲೆ ‘ಮತ್ತೊಂದು ಆಟ’ ಅನ್ನೋ ಬಟನ್. ಹೆಬ್ಬೆರಳು ತಾನಾಗೇ ಅಲ್ಲಿಗೆ ಹೋಗ್ತಿತ್ತು.

ನೋಡಿ, ಮೂರು ನಿಮಿಷದ ಆಟದಲ್ಲಿ ಹೊಸದನ್ನ ಯೋಚಿಸೋಕೆ ಪುರುಸೊತ್ತೇ ಇರಲ್ಲ. ಕೈಗೆ ಏನು ಅಭ್ಯಾಸ ಆಗಿದೆಯೋ ಅದನ್ನೇ ಆಡುತ್ತೆ. ಗೊತ್ತಿರೋದು ಚುರುಕಾಗುತ್ತೆ, ಅದು ನಿಜ. ಅದರ ಜೊತೆಗೆ ನಮ್ಮ ತಪ್ಪುಗಳೂ ಅಷ್ಟೇ ಚುರುಕಾಗ್ತವೆ.

ಈಗ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ನಮ್ಮೂರು ತರೀಕೆರೆ. ಅಪ್ಪಂದು ಹಿಟ್ಟಿನ ಗಿರಣಿ. ನಾನು ಓದ್ತಿದ್ದಾಗ, 2011ರಿಂದ 2016ರವರೆಗೆ, ರಜೆ ಬಂದ್ರೆ ಟೂರ್ನಮೆಂಟ್. ಶಿವಮೊಗ್ಗ, ಮಂಗಳೂರು, ಮೈಸೂರು, ಹುಬ್ಬಳ್ಳಿ. ಅಪ್ಪನಿಗೆ ಚೆಸ್ ಬರಲ್ಲ. ಕುದುರೆ ಹೇಗೆ ಹೋಗುತ್ತೆ ಅನ್ನೋದನ್ನ ಮೂರು ಸಲ ಹೇಳ್ಕೊಟ್ಟೆ, ಮೂರು ಸಲಾನೂ ನಕ್ಕು ಎದ್ದು ಹೋದ್ರು. ಆದ್ರೂ ಪ್ರತಿ ಸಲ ಜೊತೆಗೆ ಬರೋರು. ರಾತ್ರಿ ಬಸ್ಸು, ಬೆಳಿಗ್ಗೆ ಬಸ್‌ಸ್ಟ್ಯಾಂಡಲ್ಲೇ ಮುಖ ತೊಳೆದು ಹಾಲ್‌ಗೆ. ನಾನು ಹೊರಗೆ ಬಂದಾಗ ಒಂದೇ ಪ್ರಶ್ನೆ, ‘ಏನಾಯ್ತೋ?’

ಆ ಹುಡುಗಿ ಕೈಲಿ ಸೋತ ಮುಂದಿನ ತಿಂಗಳು ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಮನೆಗೆ ಸುಣ್ಣಬಣ್ಣ ಆಗ್ತಿತ್ತು, ಅಟ್ಟದ ಸಾಮಾನೆಲ್ಲ ಕೆಳಗೆ. ಅದರಲ್ಲಿ ಒಂದು ಫೈಲ್ ಸಿಕ್ತು. ದಾರ ಕಟ್ಟಿದ ರಟ್ಟಿನ ಫೈಲ್. ಒಳಗೆ ನನ್ನ ಸ್ಕೋರ್‌ಶೀಟ್‌ಗಳು. ಟೂರ್ನಮೆಂಟಲ್ಲಿ ಪ್ರತಿ ನಡೇನೂ ನಾವೇ ಬರೀಬೇಕು. ಮೇಲಿನ ಹಾಳೆ ಆಯೋಜಕರಿಗೆ, ಕಾರ್ಬನ್ ಪ್ರತಿ ನಮಗೆ. ನಾನು ಜೇಬಲ್ಲಿ ಮುದುರಿ ಇಟ್ಕೊಂಡು, ಬಸ್ಸಲ್ಲಿ ಬಿಸಾಡ್ತಿದ್ದ ಆ ಪ್ರತಿಗಳನ್ನ ಅಪ್ಪ ನೀಟಾಗಿ ಬಿಡಿಸಿ, ಜೋಡಿಸಿ ಇಟ್ಟಿದ್ರು. ಒಟ್ಟು 138 ಹಾಳೆ. ಒಂದೊಂದರ ಮೂಲೇಲೂ ಹಿಟ್ಟಿನ ಬೆರಳಿನ ಗುರುತು.

ಹಿಂದೆ ತಿರುಗಿಸಿದ್ರೆ ಅಪ್ಪನ ಅಕ್ಷರ. ಊರ ಹೆಸರು, ತಾರೀಖು. ಗೆಲುವು ಇಲ್ಲಾಂದ್ರೆ ಸೋಲು. ಅದರ ಕೆಳಗೆ ಖರ್ಚು. ‘ಬಸ್ಸು ಇಬ್ಬರಿಗೆ 340. ಎಂಟ್ರಿ 500. ಊಟ 110. ಗಿರಣಿ 2 ದಿನ ಬಂದ್.’

ನಾನು ಆ ಫೈಲ್ ತೊಡೆ ಮೇಲೆ ಇಟ್ಕೊಂಡು ಸುಮಾರು ಹೊತ್ತು ಕೂತಿದ್ದೆ. ಗಿರಣಿ ಎರಡು ದಿನ ಬಂದ್ ಮಾಡಿ ಒಬ್ಬ ಮನುಷ್ಯ ನನ್ನನ್ನ ಮಂಗಳೂರಿಗೆ ಕರ್ಕೊಂಡು ಹೋಗಿ ಆಡಿಸಿದ್ದಾನೆ. ಆ ಆಟ ಈ ಹಾಳೆ ಮೇಲಿದೆ. ನಾನು ಒಂದು ಸಲಾನೂ ಅದನ್ನ ತೆಗೆದು ನೋಡಿಲ್ಲ. ಸೋತ ಆಟ ನೋಡೋಕೆ ಹೊಟ್ಟೆ ಉರೀತಿತ್ತು, ಗೆದ್ದ ಆಟ ನೋಡೋದು ಯಾಕೆ ಅನಿಸ್ತಿತ್ತು. ಎರಡೂ ಸೇರಿ ಯಾವುದನ್ನೂ ನೋಡ್ಲಿಲ್ಲ.

ಆ ಫೈಲ್ ಬೆಂಗಳೂರಿಗೆ ತಂದೆ. 138ರಲ್ಲಿ 61 ಸೋಲು. ದಿನಕ್ಕೊಂದು ಸೋಲು ಅಂತ ಬೋರ್ಡ್ ಮೇಲೆ ಆಡಿ ನೋಡಿದೆ. ಕೆಲವು ಹಾಳೇಲಿ ನನ್ನ ಅಕ್ಷರ ನನಗೇ ಅರ್ಥ ಆಗ್ಲಿಲ್ಲ, ಅದರಲ್ಲೂ ಟೈಮ್ ಕಡಿಮೆ ಆದಾಗ ಬರೆದಿದ್ದು ಕೋಳಿ ಕಾಲಿನ ಥರ. ಎರಡು ತಿಂಗಳು ಹಿಡೀತು. ಪ್ರತಿ ಸೋಲಿಗೂ ಒಂದು ಕಾರಣ ಬರೆದೆ. ಕೊನೆಗೆ ಕೂಡಿದಾಗ ಬಂದ ಲೆಕ್ಕ ಕೇಳಿ: ಅಂತ್ಯದಾಟದಲ್ಲಿ, ಅಂದ್ರೆ ಎಂಡ್‌ಗೇಮಲ್ಲಿ ಕೆಡಿಸಿಕೊಂಡಿದ್ದು 24. ಟೈಮ್ ಸಾಲದೆ ಸೋತಿದ್ದು 17. ಚೆನ್ನಾಗಿ ಆಡಿ ಒಂದೇ ನಡೇಲಿ ಕುದುರೇನೋ ಆನೇನೋ ಬಿಟ್ಟುಕೊಟ್ಟಿದ್ದು 11. ಶುರುವಿನ ನಡೆಗಳಲ್ಲೇ, ಓಪನಿಂಗಲ್ಲೇ ಸೋತಿದ್ದು ಬರೀ 9.

ಈಗ ಕೇಳಿ ತಮಾಷೆ. ಆ ವರ್ಷಗಳಲ್ಲಿ ನಾನು ಅಲ್ಪಸ್ವಲ್ಪ ಓದಿದ್ದು ಏನಾದ್ರೂ ಇದ್ರೆ ಅದು ಪೂರ್ತಿ ಓಪನಿಂಗ್. ಸಿಸಿಲಿಯನ್‌ನ ಹದಿನೆಂಟನೇ ನಡೆವರೆಗೂ ಬಾಯಿಪಾಠ. ಎದುರಾಳಿ ಆರನೇ ನಡೇಲೇ ಬೇರೆ ದಾರಿ ಹಿಡೀತಿದ್ದ. ಕಾಯಿಲೆ ಮಂಡಿಗೆ, ಮುಲಾಮು ಮೊಣಕೈಗೆ.

ದಿನಕ್ಕೆ ಎಷ್ಟು ಹೊತ್ತು ಓದಬೇಕು, ಎಷ್ಟು ಹೊತ್ತು ಆಡಬೇಕು ಅಂತ ಯಾರು ಕೇಳಿದ್ರೂ ನಾನೀಗ ಮೊದಲು ಕೇಳೋದು ಇದನ್ನ: ನಿಮ್ಮ ಕೊನೇ ಹತ್ತು ಸೋಲು ಎಲ್ಲಿವೆ, ತೋರ್ಸಿ. ಅದು ಗೊತ್ತಿಲ್ಲದೆ ಗಂಟೆ ಹಂಚೋಕೆ ಹೋದ್ರೆ ನನ್ನ ಥರಾನೇ ಆಗುತ್ತೆ.

ಹಾಗಾದ್ರೆ ದೊಡ್ಡ ಆಟಗಾರರು ಏನು ಮಾಡ್ತಾರೆ? ಒಂದು ಹಳೇ ಮಾತಿದೆ. ಅಕಿಬಾ ರೂಬಿನ್‌ಸ್ಟೈನ್ ಅಂತ ಪೋಲೆಂಡಿನ ಆಟಗಾರ, ನೂರು ವರ್ಷಕ್ಕೂ ಹಿಂದಿನವನು. 1912ರ ಒಂದೇ ವರ್ಷದಲ್ಲಿ ಐದು ದೊಡ್ಡ ಟೂರ್ನಮೆಂಟ್ ಗೆದ್ದವನು. ವರ್ಷದಲ್ಲಿ ಅರವತ್ತು ದಿನ ಟೂರ್ನಮೆಂಟ್ ಆಡ್ತೀನಿ, ಐದು ದಿನ ವಿಶ್ರಾಂತಿ, ಉಳಿದ ಮುನ್ನೂರು ದಿನ ಆಟದ ಮೇಲೆ ಕೆಲಸ ಮಾಡ್ತೀನಿ ಅಂತ ಹೇಳ್ತಿದ್ದ ಅಂತಾರೆ. ಮುನ್ನೂರು ದಿನ ಓದು, ಅರವತ್ತು ದಿನ ಆಟ. ಆ ಮನುಷ್ಯ ಯಾವುದಕ್ಕೆ ಹೆಸರುವಾಸಿ ಗೊತ್ತಾ? ಆನೆ ಅಂತ್ಯಕ್ಕೆ. ನನಗಂತೂ ಇದನ್ನ ಓದಿದಾಗ ಮತ್ತೆ ಆ ಎರಡು ಜಡೆ ಹುಡುಗಿ ನೆನಪಾದ್ಲು.

ಇದಕ್ಕೆ ಅಧ್ಯಯನದ ಬಲಾನೂ ಇದೆ. 2005ರಲ್ಲಿ ನೀಲ್ ಚಾರ್ನೆಸ್ ಮತ್ತು ಸಂಗಡಿಗರು ಚೆಸ್ ಆಟಗಾರರ ಅಭ್ಯಾಸದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ರು. ಟೂರ್ನಮೆಂಟ್ ಆಡಿದ ಗಂಟೆ, ಒಬ್ಬರೇ ಕೂತು ಗಂಭೀರವಾಗಿ ಓದಿದ ಗಂಟೆ, ಇದೆಲ್ಲ ಬೇರೆ ಬೇರೆ ಕೇಳಿ ಲೆಕ್ಕ ಹಾಕಿದ್ರು. ಆಟಗಾರನ ಮಟ್ಟದ ಜೊತೆ ಎಲ್ಲಕ್ಕಿಂತ ಗಟ್ಟಿ ಸಂಬಂಧ ಇದ್ದಿದ್ದು ಒಬ್ಬರೇ ಕೂತು ಓದಿದ ಗಂಟೆಗಳಿಗೆ. ಗ್ರ್ಯಾಂಡ್‌ಮಾಸ್ಟರ್ ಆದವರು ಗಂಭೀರವಾಗಿ ಆಡೋಕೆ ಶುರು ಮಾಡಿದ ಮೊದಲ ಹತ್ತು ವರ್ಷದಲ್ಲಿ ಹಾಗೆ ಕೂತಿದ್ದು ಸುಮಾರು 5,000 ಗಂಟೆ. ಮಧ್ಯಮ ಮಟ್ಟದ ಆಟಗಾರರಿಗಿಂತ ಹತ್ತಿರ ಹತ್ತಿರ ಐದು ಪಟ್ಟು.

ಆದ್ರೆ ಇಲ್ಲಿಗೇ ನಿಲ್ಲಿಸಿದ್ರೆ ಮೋಸ ಆಗುತ್ತೆ. 2007ರಲ್ಲಿ ಗೋಬೆ ಮತ್ತು ಕ್ಯಾಂಪಿಟೆಲಿ ಅನ್ನೋ ಇಬ್ಬರು ಸಂಶೋಧಕರು ಅರ್ಜೆಂಟೀನಾದ ಆಟಗಾರರನ್ನ ಕೇಳಿ ನೋಡಿದ್ರು. ಮಾಸ್ಟರ್ ಮಟ್ಟ ಮುಟ್ಟೋಕೆ ಒಬ್ಬನಿಗೆ ಸುಮಾರು 3,000 ಗಂಟೆ ಸಾಕಾಗಿತ್ತು. ಇನ್ನೊಬ್ಬನಿಗೆ 23,000 ದಾಟಿತ್ತು. ಹತ್ತು ಸಾವಿರ ಗಂಟೆ ಮಾಡಿದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ಆಗ್ತಾರೆ ಅಂತ ರೀಲ್ಸಲ್ಲಿ ಹೇಳ್ತಾರಲ್ಲ, ಅವರಿಗೆ ಇದನ್ನ ಕಳಿಸಿ.

ಆಡಿ ಆಡೇ ಬೆಳೆದವರೂ ಇದ್ದಾರೆ. ನಮ್ಮ ವಿಶ್ವನಾಥನ್ ಆನಂದ್ ಅವರನ್ನೇ ತಗೊಳ್ಳಿ. ಆಗಿನ ಮದ್ರಾಸಿನಲ್ಲಿ ಟಾಲ್ ಚೆಸ್ ಕ್ಲಬ್. ಅಲ್ಲಿ ಬ್ಲಿಟ್ಝ್ ಆಡುವಾಗ ಗೆದ್ದವನು ಕುರ್ಚಿ ಬಿಡಂಗಿಲ್ಲ, ಸೋತವನು ಎದ್ದು ಸಾಲಿನ ಹಿಂದಕ್ಕೆ. ಕೂತೇ ಇರಬೇಕು ಅಂದ್ರೆ ಗೆಲ್ತಾನೇ ಇರಬೇಕು. ಅವರ ಆ ವೇಗ ಅಲ್ಲಿಂದ ಬಂದಿದ್ದು. ಆದ್ರೆ ಅದಕ್ಕೂ ಮುಂಚೆ ಒಂದು ಕಥೆ ಇದೆ. ಚಿಕ್ಕವರಿದ್ದಾಗ ಅಪ್ಪನ ಕೆಲಸದ ಮೇಲೆ ಕುಟುಂಬ ಫಿಲಿಪ್ಪೀನ್ಸ್‌ನಲ್ಲಿತ್ತು. ಅಲ್ಲಿ ಮಧ್ಯಾಹ್ನ ಟಿವಿಯಲ್ಲಿ ಚೆಸ್ ಕಾರ್ಯಕ್ರಮ, ಕೊನೇಲಿ ಒಂದು ಒಗಟು. ಮಗ ಶಾಲೇಲಿದ್ದಾಗ ಅಮ್ಮ ಅದನ್ನ ಬರೆದಿಟ್ಟುಕೊಳ್ತಿದ್ರು. ಸಂಜೆ ಇಬ್ಬರೂ ಕೂತು ಬಿಡಿಸಿ ಉತ್ತರ ಕಳಿಸ್ತಿದ್ರು. ಬಹುಮಾನ ಪುಸ್ತಕ. ಎಷ್ಟು ಸಲ ಗೆದ್ರು ಅಂದ್ರೆ, ಕೊನೆಗೆ ಬೇಕಾದಷ್ಟು ಪುಸ್ತಕ ತಗೊಂಡು ಹೋಗಪ್ಪ, ಇನ್ಮೇಲೆ ಉತ್ತರ ಕಳಿಸಬೇಡ ಅಂದ್ರಂತೆ. ಬ್ಲಿಟ್ಝ್ ಎಲ್ಲರ ಕಣ್ಣಿಗೆ ಬೀಳುತ್ತೆ, ಅಮ್ಮನ ಜೊತೆ ಕೂತ ಆ ಸಂಜೆಗಳು ಬೀಳಲ್ಲ.

ನಿಹಾಲ್ ಸರಿನ್ ಇದ್ದಾರೆ, ತ್ರಿಶ್ಶೂರಿನವರು. ಆನ್‌ಲೈನ್ ಬ್ಲಿಟ್ಝ್, ಬುಲೆಟ್ ಅವರಷ್ಟು ಆಡಿದವರು ಕಡಿಮೆ, ಜಗತ್ತಿನ ದೊಡ್ಡ ಆಟಗಾರರಲ್ಲಿ ಒಬ್ಬರಾದ್ರು. ‘ನಿಹಾಲ್ ಆಡ್ತಾರಲ್ಲ’ ಅಂತ ನಾನೂ ಎಷ್ಟೋ ರಾತ್ರಿ ನೆಪ ಹೇಳಿಕೊಂಡಿದ್ದೀನಿ. ಅವರ ಕೈಯಲ್ಲಿರೋ ಜ್ಞಾನ ವೇಗವಾಗಿ ಹೊರಗೆ ಬರುತ್ತೆ. ನನ್ನ ಕೈಯಲ್ಲಿ ಇರೋದೇ ಇಷ್ಟು, ಅದು ಎಷ್ಟು ವೇಗವಾಗಿ ಬಂದ್ರೂ ಅಷ್ಟೇ.

ಇನ್ನೊಂದು ಕಡೆ ಗುಕೇಶ್. 12 ವರ್ಷ 7 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್. ಅವರ ಕೋಚ್ ವಿಷ್ಣು ಪ್ರಸನ್ನ ಆ ಮಟ್ಟ ಮುಟ್ಟೋವರೆಗೂ ಹುಡುಗನನ್ನ ಕಂಪ್ಯೂಟರ್ ಎಂಜಿನ್‌ನಿಂದ ದೂರ ಇಟ್ಟಿದ್ರು. ಈಗಿನ ಕಾಲದಲ್ಲಿ! ನಾವು ಆಟ ಮುಗಿದ ಎರಡನೇ ಸೆಕೆಂಡಿಗೆ ಎಂಜಿನ್ ಆನ್ ಮಾಡ್ತೀವಿ. ಅದು ಕೆಂಪು ಬಣ್ಣದಲ್ಲಿ ‘ತಪ್ಪು’ ಅನ್ನುತ್ತೆ, ನಾವು ‘ಹೌದಲ್ಲಾ’ ಅಂತೀವಿ, ಮುಗೀತು. ಯಾಕೆ ತಪ್ಪು ಅಂತ ತಲೆ ಕೆರೆದುಕೊಳ್ಳೋ ಆ ಇಪ್ಪತ್ತು ನಿಮಿಷ ಇದೆಯಲ್ಲ, ಕಲಿಕೆ ಆಗೋದು ಅಲ್ಲಿ. ಅದನ್ನೇ ಎಂಜಿನ್ ನಮ್ಮಿಂದ ಕಿತ್ಕೊಳ್ಳುತ್ತೆ.

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ನಾನು ಆಫೀಸಲ್ಲಿ ಎರಡನೇ ಸ್ಕ್ರೀನ್ ಮೇಲೆ ನೋಡ್ತಿದ್ದೆ, ಮ್ಯಾನೇಜರ್‌ಗೆ ಹೇಳಬೇಡಿ. ಎರಡೂ ಕಡೆ ಒಂದು ಆನೆ, ಒಂದು ಒಂಟೆ, ಗುಕೇಶ್ ಹತ್ರ ಒಂದು ಪಾನ್ ಹೆಚ್ಚು. ಇದು ಡ್ರಾ, ನಾಳೆ ಟೈಬ್ರೇಕ್ ಅಂತ ಎಲ್ಲರೂ ಅಂದುಕೊಂಡಿದ್ರು. ಗುಕೇಶ್ ಬಿಡಲಿಲ್ಲ, ಆಡ್ತಾ ಹೋದ್ರು. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೇನ ತಪ್ಪು ಮನೆಗೆ ಇಟ್ರು. ಆನೆ ಆನೆ ಹೋಯ್ತು, ಒಂಟೆ ಒಂಟೆ ಹೋಯ್ತು, ಉಳಿದ ಪಾನ್ ಗೆದ್ದುಕೊಡ್ತು. 18 ವರ್ಷದ ವಿಶ್ವ ಚಾಂಪಿಯನ್. ವಿಶ್ವ ಪಟ್ಟಾನೂ ತೀರ್ಮಾನ ಆಗಿದ್ದು ಅಂತ್ಯದಾಟದಲ್ಲಿ, ನೋಡಿ.

ಸ್ವಂತ ಆಟ ತಿರುಗಿ ನೋಡೋದನ್ನ ಒಂದು ಪದ್ಧತಿ ಮಾಡಿದ್ದು ಮಿಖಾಯಿಲ್ ಬೋಟ್ವಿನಿಕ್. 1948ರಲ್ಲಿ ವಿಶ್ವ ಚಾಂಪಿಯನ್ ಆದವರು. ಎಲೆಕ್ಟ್ರಿಕಲ್ ಎಂಜಿನಿಯರ್, ಆ ಕೆಲಸ ಕೊನೆಗೂ ಬಿಡಲಿಲ್ಲ. ಅವರ ಸಲಹೆ ಏನಂದ್ರೆ, ನಿನ್ನ ಆಟಕ್ಕೆ ನೀನೇ ಟಿಪ್ಪಣಿ ಬರಿ, ಬರೆದು ಪ್ರಕಟಿಸು. ನಾಲ್ಕು ಜನ ಓದಿ ತಪ್ಪು ಹುಡುಕ್ತಾರೆ ಅಂತ ಗೊತ್ತಿದ್ರೆ ಮನುಷ್ಯ ತನಗೆ ತಾನು ಸುಳ್ಳು ಹೇಳಿಕೊಳ್ಳಲ್ಲ. ಅವರ ಶಾಲೆಯಲ್ಲಿ ಕಲಿತವರು ಕಾರ್ಪೊವ್, ಕಾಸ್ಪರೊವ್, ಕ್ರಾಮ್ನಿಕ್. ಮೂವರೂ ವಿಶ್ವ ಚಾಂಪಿಯನ್‌ಗಳಾದ್ರು.

ನಾನು ಪ್ರಕಟ ಮಾಡೋಕೆ ಹೋಗಲ್ಲ. ಆದ್ರೆ ನಾವು ನಾಲ್ಕು ಜನ ಗೆಳೆಯರು ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದ್ದೀವಿ. ನಿಯಮ ಒಂದೇ. ವಾರಕ್ಕೆ ಒಬ್ಬೊಬ್ಬರೂ ಒಂದು ಸೋತ ಆಟ ಹಾಕಬೇಕು, ಎಂಜಿನ್ ಹಚ್ಚದೆ, ಕೈಯಲ್ಲಿ ಬರೆದ ಟಿಪ್ಪಣಿ ಜೊತೆ. ಉಳಿದ ಮೂವರು ಬೈತಾರೆ. ಬಹಳ ಉಪಯೋಗ ಆಗಿದೆ.

ಈಗ ನನ್ನ ದಿನಚರಿ ಹೇಳ್ತೀನಿ. ಇದು ಆಫೀಸಿಗೆ ಹೋಗೋ, ಕೋಚ್ ಇಲ್ಲದ ಮನುಷ್ಯನ ದಿನಚರಿ, ಯಥಾವತ್ತಾಗಿ ಇಳಿಸ್ಕೋಬೇಡಿ. ಬೆಳಿಗ್ಗೆ ಆರೂಕಾಲಿಂದ ಏಳರವರೆಗೆ ಮರದ ಬೋರ್ಡ್ ಮುಂದೆ. ಫೋನ್ ಇನ್ನೊಂದು ರೂಮಲ್ಲಿ ಚಾರ್ಜ್‌ಗೆ. ವಾರದಲ್ಲಿ ಮೂರು ದಿನ ಅಂತ್ಯದಾಟ, ಎರಡು ದಿನ ಪಜಲ್. ಪಜಲ್ ಅಂದ್ರೆ ಫೋನಲ್ಲಿ ಪಟಪಟ ಒತ್ತೋದಲ್ಲ. ಕಷ್ಟದ್ದು ಎರಡೋ ಮೂರೋ. ಕಾಯಿ ಮುಟ್ಟೋಕೆ ಮುಂಚೆ ಪೂರ್ತಿ ಉತ್ತರ ಕಾಗದದ ಮೇಲೆ ಬರೀಬೇಕು. ಮೊದಲ ವಾರ ಮೂರರಲ್ಲಿ ಮೂರೂ ತಪ್ಪು. ‘ಚೆಕ್ ಕೊಟ್ಟರೆ ಏನೋ ಆಗುತ್ತೆ’ ಅಂತ ಒತ್ತಿ ನೋಡೋ ಚಾಳಿ ಬಿಡೋಕೆ ಎರಡು ತಿಂಗಳು ಬೇಕಾಯ್ತು.

ಶನಿವಾರ ಸಂಜೆ ಒಂದು ಉದ್ದದ ಆಟ, ಇಬ್ಬರಿಗೂ ಅರ್ಧರ್ಧ ಗಂಟೆ ಕೊಟ್ಟು. ಭಾನುವಾರ ಅದೇ ಆಟವನ್ನ ಒಂದೂವರೆ ಗಂಟೆ ನೋಡ್ತೀನಿ. ಮೊದಲು ಪೆನ್ಸಿಲ್, ಆಮೇಲೆ ಎಂಜಿನ್. ಎಲ್ಲಿ ಹೆದರಿದೆ, ಎಲ್ಲಿ ಬೇಜಾರಾಗಿ ಬೇಗ ಆಡಿದೆ ಅಂತಾನೂ ಬರೀತೀನಿ. ಯಾಕಂದ್ರೆ ಅದು ಯಾವ ಎಂಜಿನ್‌ಗೂ ಗೊತ್ತಾಗಲ್ಲ.

ಬ್ಲಿಟ್ಝ್ ಬಿಟ್ಟಿಲ್ಲ. ಸುಳ್ಳು ಯಾಕೆ ಹೇಳ್ಲಿ. ಶುಕ್ರವಾರ ರಾತ್ರಿ ಐದು ಆಟ. ಅದು ಉಪ್ಪಿನಕಾಯಿ ಇದ್ದ ಹಾಗೆ, ಊಟದ ಪಕ್ಕದಲ್ಲಿದ್ರೆ ಚೆಂದ. ನಾನು ನಾಲ್ಕು ವರ್ಷ ಬರೀ ಉಪ್ಪಿನಕಾಯಿ ತಿಂದು ಹೊಟ್ಟೆ ತುಂಬ್ತಿಲ್ಲ ಅಂತಿದ್ದೆ.

ಆದ್ರೆ ಉಲ್ಟಾ ತಪ್ಪೂ ಮಾಡಿದ್ದೀನಿ, ಅದನ್ನೂ ಹೇಳಬೇಕು. 2023ರಲ್ಲಿ ಜೋಶ್ ಬಂದು ಐದು ತಿಂಗಳು ಆಡೋದನ್ನೇ ನಿಲ್ಲಿಸಿಬಿಟ್ಟೆ. ಬರೀ ಓದು. ಪುಸ್ತಕ, ನೋಟ್ಸು, ಬಣ್ಣಬಣ್ಣದ ಪೆನ್ನು. ಆಮೇಲೆ ಟೂರ್ನಮೆಂಟ್‌ಗೆ ಹೋದ್ರೆ 12ನೇ ನಡೆಗೆ 25 ನಿಮಿಷ ಯೋಚನೆ ಮಾಡ್ತಾ ಕೂತಿದ್ದೀನಿ! ತಲೆ ತುಂಬ ವಿಚಾರ, ಒಂದನ್ನೂ ಆರಿಸೋಕೆ ಧೈರ್ಯ ಇಲ್ಲ. ಮೂರು ಆಟ ಟೈಮ್ ಸಾಲದೆ ಸೋತೆ. ಗಡಿಯಾರ ಓಡ್ತಿರುವಾಗ ನಿರ್ಧಾರ ಮಾಡೋದು, ಸೋತ ಮೇಲೆ ಅರ್ಧ ಗಂಟೇಲಿ ಮತ್ತೆ ಕೂತು ಆಡೋದು, ಇದನ್ನ ಯಾವ ಪುಸ್ತಕಾನೂ ಕಲಿಸಲ್ಲ. ಹಾಗಾಗಿ ಈಗ ಟೂರ್ನಮೆಂಟ್ ಹತ್ರ ಬಂದ್ರೆ ಎರಡು ವಾರ ಮುಂಚೆ ಹಂಚಿಕೆ ಬದಲಾಯಿಸ್ತೀನಿ. ಓದು ಅರ್ಧ ಮಾಡಿ ಉದ್ದದ ಆಟ ಜಾಸ್ತಿ ಮಾಡ್ತೀನಿ.

ರೇಟಿಂಗ್ ಎಷ್ಟಾಯ್ತು ಅಂತ ಕೇಳ್ತೀರಾ. ಫಿಡೆ ರೇಟಿಂಗ್ ನಂದು 1412 ಇತ್ತು. 2024ರ ಮಾರ್ಚ್‌ನಲ್ಲಿ ಫಿಡೆಯವರು 2000ಕ್ಕಿಂತ ಕೆಳಗಿನವರ ರೇಟಿಂಗ್‌ನೆಲ್ಲ ಒಂದೇ ಸಲ ಸೂತ್ರ ಹಾಕಿ ಏರಿಸಿದ್ರು. 2000ಕ್ಕೆ ಎಷ್ಟು ಕಡಿಮೆ ಇದೆಯೋ ಅದರ ಶೇ 40ರಷ್ಟು ಸೇರಿಸೋದು. ನಾನು ಒಂದು ನಡೇನೂ ಆಡದೆ 1647 ಆದೆ. ಜೀವನದಲ್ಲಿ ಇಷ್ಟು ಸುಲಭವಾಗಿ 235 ಅಂಕ ಯಾವ ಪರೀಕ್ಷೇಲೂ ಬಂದಿಲ್ಲ. ಅಲ್ಲಿಂದ ಈಚೆಗೆ ನಾನೇ ದುಡಿದಿದ್ದು 55. ಈಗ 1702. ದೊಡ್ಡದೇನಲ್ಲ. ಆದ್ರೆ ಈ 55ರಲ್ಲಿ ಒಂದೊಂದು ಪಾಯಿಂಟ್ ಎಲ್ಲಿಂದ ಬಂತು ಅಂತ ಕೇಳಿದ್ರೆ ಹೇಳಬಲ್ಲೆ.

ಕೆಲಸಕ್ಕೆ ಹೋಗೋರಿಗೆ ಇದೆಲ್ಲ ಆಗುತ್ತಾ ಅಂತ ಕಾಮೆಂಟಲ್ಲಿ ಕೇಳ್ತಾರೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಯಾರು ಗೊತ್ತಾ? ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ. ರೈಲ್ವೆ ನೌಕರರು, ಆಗ ವಯಸ್ಸು ಮೂವತ್ತು ದಾಟಿತ್ತು. ಹನ್ನೆರಡನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆಗೋ ಕಾಲದಲ್ಲಿ ನನಗೆ ಹೆಚ್ಚು ಹತ್ತಿರ ಅನಿಸೋದು ಅವರ ದಾರಿ. ಸುಮ್ನೆ ಹೇಳಿದೆ. ನಾನು ಗ್ರ್ಯಾಂಡ್‌ಮಾಸ್ಟರ್ ಆಗ್ತೀನಿ ಅಂತ ಅಲ್ಲ.

ಕಳೆದ ತಿಂಗಳು ಮತ್ತೆ ಒಂದು ಟೂರ್ನಮೆಂಟ್. ನಾಲ್ಕನೇ ರೌಂಡು, ಎದುರಿಗೆ ಒಬ್ಬ ಹಿರಿಯರು, ಬ್ಯಾಂಕಿಂದ ರಿಟೈರ್ ಆದವರು. ಅದೇ ಕಥೆ. ಅವರ ಹತ್ರ ಆನೆ ಮತ್ತು ಪಾನ್, ನನ್ನ ಹತ್ರ ಬರೀ ಆನೆ. ಕೈ ಸ್ವಲ್ಪ ನಡುಗ್ತಿತ್ತು. ಆನೇನ ಮೂರನೇ ಸಾಲಲ್ಲಿ ನಿಲ್ಲಿಸಿ ಆ ಕಡೆ ಈ ಕಡೆ ಓಡಾಡಿಸ್ತಾ ಕಾದೆ. ಅವರು ಪಾನ್ ತಳ್ಳಿದ್ರು. ತಳ್ಳಿದ ಕೂಡಲೇ ಆನೆ ಆ ತುದಿಗೆ. ಚೆಕ್, ಚೆಕ್, ಮತ್ತೆ ಚೆಕ್. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಆಯ್ತಪ್ಪ, ಡ್ರಾ’ ಅಂದ್ರು.

ಹೊರಗೆ ಬಂದು ಆ ಸ್ಕೋರ್‌ಶೀಟ್‌ನ ಫೋಟೋ ತೆಗೆದು ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಫೋನ್ ಬಂತು.

‘ಏನಾಯ್ತೋ?’

‘ಡ್ರಾ ಅಪ್ಪ. ಸೋಲೋ ಆಟ, ಉಳಿಸಿಕೊಂಡೆ.’

‘ಹೌದಾ. ಹಿಂದುಗಡೆ ಏನೂ ಬರ್ದೇ ಇಲ್ವಲ್ಲೋ?’

ಮೆಟ್ರೋ ಹೋಗಿ ಬರೋಕೆ 90, ಎಂಟ್ರಿ 1,500, ಊಟ ದೋಸೆ ಕಾಫಿ 140. ಅಲ್ಲೇ ಗೋಡೆಗೆ ಕಾಗದ ಒತ್ತಿಕೊಂಡು ಬರೆದೆ. ಬರೆದು ಇನ್ನೊಂದು ಫೋಟೋ ಕಳಿಸಿದೆ.

ಸರಿ, ನಾನಿನ್ನು ಹೊರಡ್ತೀನಿ. ಭಾನುವಾರದ ಆಟ ಇನ್ನೂ ಬೋರ್ಡ್ ಮೇಲೆ ಹಾಗೇ ಇದೆ, 31ನೇ ನಡೆಗೆ ನಿಂತಿದೆ. ನಿಮ್ಮ ಸೋತ ಆಟಗಳನ್ನ ಕಳಿಸಿ, ಮುಂದಿನ ವಾರ ಒಂದೆರಡನ್ನ ಇಲ್ಲೇ ನೋಡೋಣ.